ಏಳುಹೊಳೆಯ ಕೊನೆಯ ಮಧ್ಯಾಹ್ನ

ಸಂಡೂರು ರಸ್ತೆಯ ಅದಿರಿನ ಯಾರ್ಡಿನಲ್ಲಿ ಆ ಸೋಮವಾರ ಮಧ್ಯಾಹ್ನ ಲಾರಿಗಳ ಸಾಲು ಹತ್ತು ನಿಮಿಷ ಖಾಲಿ ಬೀಳದೇ ಹೋಗಿದ್ದರೆ ಜಂಬುನಾಥ ತನ್ನ ಹಳೆಯ ಮೇಲ್ ತೆರೆಯುತ್ತಿರಲಿಲ್ಲ, ಮುಂದಿನದೇನೂ ಆಗುತ್ತಲೂ ಇರಲಿಲ್ಲ. ಅವನು ಅಲ್ಲಿ ತೂಕದ ಗುಮಾಸ್ತ. ಲಾರಿ ಬಂದು ತೂಕದ ಹಲಗೆ ಹತ್ತುತ್ತದೆ, ಇವನು ಕಂಪ್ಯೂಟರಿನಲ್ಲಿ ನಂಬರು ಒತ್ತುತ್ತಾನೆ, ಚೀಟಿ ಬರುತ್ತದೆ, ಲಾರಿ ಇಳಿದು ಹೋಗುತ್ತದೆ. ಮೂರು ವರ್ಷದಿಂದ ಇದೇ ಕೆಲಸ. ಅವನ ಅಂಗಿ, ಕಣ್ಣಿನ ರೆಪ್ಪೆ, ಮಧ್ಯಾಹ್ನದ ರೊಟ್ಟಿ, ಎಲ್ಲವೂ ಅದಿರಿನ ಒಂದೇ ಕೆಂಪು.

ಮೇಲ್ ಎರಡೇ ಸಾಲಿನದು. ಏಳುಹೊಳೆಯ ಹಳೆಯ ಲೋಕವನ್ನು ಇಂದು ಸಂಜೆ ನಾಲ್ಕಕ್ಕೆ ಶಾಶ್ವತವಾಗಿ ಮುಚ್ಚಲಾಗುವುದು, ಹಳಬರು ಬಂದು ಕೊನೆಯ ಸಲ ನೋಡಿ ಹೋಗಬಹುದು ಎಂದು ಅದರಲ್ಲಿತ್ತು.

ಏಳುಹೊಳೆ ಒಂದು ಆಟ. ಅದರ ಇಂಗ್ಲಿಷ್ ಹೆಸರು ಉದ್ದವಾಗಿದ್ದುದರಿಂದ ಹೊಸಪೇಟೆಯ ಹುಡುಗರು ಹೀಗೆ ಕರೆದಿದ್ದರು. ಇಂಟರ್ನೆಟ್ಟಿನೊಳಗೆ ಒಂದು ಹೆಸರು ಇಟ್ಟುಕೊಂಡು, ಒಂದು ವೇಷ ತೊಟ್ಟು, ಆ ಲೋಕದಲ್ಲಿ ಓಡಾಡಬೇಕು. ದೇಶದೇಶದ ಜನ ಅದೇ ಲೋಕದಲ್ಲಿ ತಮ್ಮ ತಮ್ಮ ವೇಷದಲ್ಲಿ ಎದುರಾಗುತ್ತಾರೆ. ನಾಲ್ಕು ವರ್ಷದ ಹಿಂದೆ ಆಟ ಆಗಷ್ಟೇ ಶುರುವಾದಾಗ ಜಂಬುನಾಥ ಡಿಪ್ಲೊಮಾ ಮುಗಿಸಿ ಕೆಲಸವಿಲ್ಲದೆ ಕೂತಿದ್ದ. ಪಕ್ಕೀರಪ್ಪ ಎಂಬವನ ಸೈಬರ್ ಅಂಗಡಿಯೇ ಅವನ ಮನೆ. ಅಲ್ಲಿನ ಲೈನು ಎಷ್ಟು ನಿಧಾನವೆಂದರೆ ಆಟದೊಳಗಿನ ಹೊಳೆ ಹರಿಯುತ್ತಲೇ ಇರಲಿಲ್ಲ, ಯಾರೋ ಒಂದೊಂದೇ ಹಾಸುಗಲ್ಲು ಜೋಡಿಸಿದಂತೆ ಚೌಕ ಚೌಕವಾಗಿ ಬರುತ್ತಿತ್ತು. ಆದರೂ ಎಂಥ ದಿನಗಳು! ಆಗ ಯಾರಿಗೂ ಏನೂ ಗೊತ್ತಿರಲಿಲ್ಲ. ಎಲ್ಲರೂ ಬರಿಗಾಲು, ಎಲ್ಲರ ಕೈಯಲ್ಲೂ ಒಂದೊಂದು ಕೋಲು. ಒಂದು ಹೋತ ಎದುರಿಗೆ ಬಂದರೆ ಹನ್ನೆರಡು ವೀರರು ಓಡಿಹೋಗುತ್ತಿದ್ದರು. ಬೆಟ್ಟದಾಚೆ ಸಮುದ್ರವಿದೆಯಂತೆ ಎಂದು ಯಾರೋ ಹೇಳಿದರೆಂದು ಇಪ್ಪತ್ತು ಜನ ಅಪರಿಚಿತರು ನಾಲ್ಕು ದಿನ ನಡೆದಿದ್ದರು. ಸಮುದ್ರ ಸಿಗಲಿಲ್ಲ. ಅವರು ಬೆಟ್ಟದ ಮೇಲೆ ಸುಮ್ಮನೆ ಸಾಲಾಗಿ ಕೂತು ಸೂರ್ಯ ಮುಳುಗುವುದನ್ನು ನೋಡಿದ್ದರು. ಆಮೇಲೆ ಜಾಣರು ಬಂದರು, ದಾರಿಗಳ ನಕ್ಷೆ ಬಂತು. ಜಂಬುನಾಥನಿಗೆ ನೌಕರಿಯೂ ಬಂತು.

ಈ ಕತೆಯನ್ನು ಅವನು ಯಾರಿಗೆ ಹೇಳಿರಲಿಲ್ಲ? ಮದುವೆಯಾಗಿ ಎರಡು ವರ್ಷ, ಊಟಕ್ಕೆ ಕೂತಾಗಲೆಲ್ಲ ಹೆಂಡತಿ ತ್ರಿವೇಣಿಗೆ ಹೇಳಿದ್ದ. ಅವಳು ಪೇಟೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಟ್ಯಾಲಿ ಕಲಿಸುವವಳು. ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ತಿರುವುತ್ತ, ಹೌದಾ, ಹೌದಾ ಅನ್ನುತ್ತಿದ್ದಳು.

ಆ ಲೋಕ ಈಗ ಮುಚ್ಚುತ್ತದೆ. ಜಂಬುನಾಥನಿಗೆ ಹುಟ್ಟಿದ ಊರನ್ನು ನಾಳೆ ಬೆಳಿಗ್ಗೆ ಕಿತ್ತುಕೊಂಡು ಹೋಗುತ್ತಾರೆಂದು ಕೇಳಿದ ಹಾಗಾಯಿತು. ಅವನು ಎದ್ದು ಸೂಪರ್‌ವೈಸರ್ ಉಜ್ಜಿನಪ್ಪನ ಮುಂದೆ ನಿಂತು, ಹೆಂಡತಿಗೆ ಆರಾಮಿಲ್ಲ, ಮನೆಗೆ ಹೋಗಬೇಕು ಎಂದ.

ಉಜ್ಜಿನಪ್ಪ ಕಟುಕನಾಗಿದ್ದರೆ ಚೆನ್ನಾಗಿತ್ತು. ಅವನು ಭಾಳ ಒಳ್ಳೆಯವನು. ಏನಾಗಿದೆ, ಎಂದಿನಿಂದ, ಎಲ್ಲಿ ನೋವು ಎಂದು ಕೇಳಿದ. ಊರಲ್ಲೆಲ್ಲ ಚಿಕುನ್‌ಗುನ್ಯಾ ಹಬ್ಬಿದ ಕಾಲ. ಜಂಬುನಾಥ ಅದನ್ನೇ ಹೇಳಿ, ಕೈಕಾಲು ಹಿಡಿದುಕೊಂಡಿವೆ ಎಂದುಬಿಟ್ಟ. ಉಜ್ಜಿನಪ್ಪನ ಮುಖ ಅರಳಿತು. ಅವನು ಎರಡು ತಿಂಗಳ ಹಿಂದೆ ಅದರಲ್ಲೇ ಮಲಗಿ ಎದ್ದವನು. ಬೆರಳು, ಮೊಣಕಾಲು, ಹಿಮ್ಮಡಿ ಹೀಗೆ ಒಂದೊಂದೇ ಕೀಲು ಮುಟ್ಟಿಕೊಳ್ಳುತ್ತ ರೋಗದ ಪುರಾಣ ಹೇಳಿದ.

"ಇಂಗ್ಲಿಷ್ ಔಷಧಿಗೆ ಬಗ್ಗಂಗಿಲ್ಲ ಅದು. ನನ್ನ ಹತ್ರ ಒಂದು ಎಲಿ ಐತಿ. ಸಂಜಿಕೆ ನಾನ ತರ್ತೀನಿ."

ಬೇಡ ಎಂದಷ್ಟೂ ಅವನ ಪ್ರೀತಿ ಹೆಚ್ಚಿತು. ತನ್ನ ಬೈಕಿನಲ್ಲೇ ಪೇಟೆಯವರೆಗೆ ಬಿಟ್ಟ. ಜಂಬುನಾಥ ತನ್ನ ಓಣಿಯ ಮೂಲೆಯಲ್ಲಿ ಇಳಿದು, ಬೈಕು ಮರೆಯಾದ ಮೇಲೆ ಬಸ್ ಸ್ಟ್ಯಾಂಡಿಗೆ ಓಡಿದ. ಹೊಸಪೇಟೆಯ ಸೈಬರುಗಳಲ್ಲಿ ಕೂತರೆ ಯಾರಾದರೂ ಗುರುತಿನವರು ಬೆನ್ನು ತಟ್ಟುವುದು ಖಂಡಿತ. ಹಂಪಿಯಲ್ಲಾದರೆ ಬರೀ ಪರದೇಶಿಗಳು.

ಹಂಪಿ ಬಸ್ಸು ಅನಂತಶಯನಗುಡಿಯ ರೈಲ್ವೆ ಗೇಟಿನಲ್ಲಿ ನಿಂತಿತು. ಅದಿರಿನ ಗೂಡ್ಸ್ ಬಂತು. ಐವತ್ತು ಡಬ್ಬಿ ಹೋದ ಮೇಲೆ ಅದೂ ನಿಂತಿತು, ಊಟ ಮುಗಿಸಿ ಹಾಸಿಗೆ ಹುಡುಕುವ ಬೀಗರಂತೆ. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಮನೆಯ ಒಡತಿ ಬಸಕ್ಕ. ಅವಳು ಕೆಳಗೆ, ಇವರು ಮಾಳಿಗೆ ಮೇಲೆ. ಆಫೀಸಿನ ರಿಜಿಸ್ಟರಿನಲ್ಲಿ ಇವನು ಬರೆಸಿದ್ದು ಅವಳ ಮನೆಯ ಫೋನ್ ನಂಬರು. ಉಜ್ಜಿನಪ್ಪ ಅದಕ್ಕೆ ಫೋನು ಮಾಡಿ, ರೋಗಿಗೆ ತಣ್ಣೀರು ಮುಟ್ಟಿಸಬೇಡಿ ಎಂದು ಹೇಳಿದ್ದ. ಬಸಕ್ಕ ಮೆಟ್ಟಿಲು ಹತ್ತಿ ನೋಡಿದರೆ ಬೀಗ. ತ್ರಿವೇಣಿ ದಿನದಂತೆ ಸೆಂಟರಿಗೆ ಹೋಗಿರುತ್ತಾಳೆಂದು ಜಂಬುನಾಥನ ಲೆಕ್ಕ, ಆದರೆ ಕೀಲು ಹಿಡಿದವಳು ಹೇಗೆ ಹೋದಾಳು?

"ದವಾಖಾನಿಗೆ ಕರಕೊಂಡು ಹೊಂಟೀನಿ, ಬಸಕ್ಕ," ಎಂದ.

"ಯಾವ ದವಾಖಾನಿ?"

ಪಕ್ಕದಲ್ಲಿ ನಿಂತ ಲಾರಿಯ ಹಲಗೆಯ ಮೇಲೆ ಕಂಪ್ಲಿ ಎಂದು ಬರೆದಿತ್ತು. ಜಂಬುನಾಥ ಅದನ್ನೇ ಓದಿದ.

ಹೊಸಪೇಟೆಯ ಡಾಕ್ಟರುಗಳೆಲ್ಲ ಸತ್ತುಹೋದರೇನು ಎಂದು ಬಸಕ್ಕ ಕೇಳಿದಳು. ಕಂಪ್ಲಿಯವರ ಕೈಗುಣ ಚೆನ್ನಾಗಿದೆ ಎಂದು ಇವನು ಹೇಳಿದ. ಹಾಗಾದರೆ ತ್ರಿವೇಣಿಯ ಕೈಗೆ ಫೋನು ಕೊಡು ಎಂದಳು. ಇವನು, ಕೈ ಎತ್ತಲಿಕ್ಕೇ ಬರುವುದಿಲ್ಲ ಎಂದ. ಅದು ಕೇಳಿ ಬಸಕ್ಕ ಅತ್ತುಬಿಟ್ಟಳು. ಗೇಟು ತೆರೆಯಿತು. ಬಸ್ಸಿನಲ್ಲಿದ್ದವರೆಲ್ಲ, ಎಲ್ಲಿದ್ದಾಳೆ ಇವನ ಹೆಂಡತಿ ಎಂದು ಅವನ ಅಕ್ಕಪಕ್ಕ ನೋಡುತ್ತಿದ್ದರು.

ಹಂಪಿ ಬಜಾರದ ಕಲ್ಲುಕಂಬಗಳ ಸಾಲಿನಲ್ಲಿ ಪಾಲಪ್ಪ ಎಂಬವನ ಇಂಟರ್ನೆಟ್ ಅಂಗಡಿ. ಒಳಗೆ ನಾಲ್ಕು ಕಂಪ್ಯೂಟರು, ತಣ್ಣನೆಯ ಕಲ್ಲುನೆಲ, ಯಾರೋ ಹಚ್ಚಿಟ್ಟ ಊದುಬತ್ತಿ. ಗಂಟೆ ಮೂರಾಗಲು ಹತ್ತು ನಿಮಿಷ. ಜಂಬುನಾಥ ತನ್ನ ಹಳೆಯ ಹೆಸರು ಬರೆದ: ವೀರಜಂಬು. ಗುಪ್ತಪದ ಬರೆದ. ಪರದೆಯ ಮೇಲೆ ಉತ್ತರ ಬಂತು. ಈ ಹೆಸರಿನವರು ಈಗಾಗಲೇ ಒಳಗಿದ್ದಾರೆ.

ಅವನು ಮತ್ತೊಮ್ಮೆ ಬರೆದ. ಒಳಗಿದ್ದಾರೆ. ತನ್ನನ್ನು ತಾನೇ ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡಂತಾಯಿತು. ಇದು ಪಕ್ಕೀರಪ್ಪನ ಕೆಲಸವೇ ಇರಬೇಕು, ಆಗ ಹಿಂದೆ ನಿಂತು ಗುಪ್ತಪದ ನೋಡಿಕೊಂಡಿರಬೇಕು ಎಂದು ಹಲ್ಲು ಕಡಿದ. ಇನ್ನು ಒಂದೇ ದಾರಿ. ಹೊಸ ಹೆಸರಿನಲ್ಲಿ ಹೋಗುವುದು. ಬಾಯಿಗೆ ಬಂದಂತೆ ಬಸ್ಯಾ ಎಂದು ಬರೆದು ಒಳಗೆ ಕಾಲಿಟ್ಟ.

ಹೊಳೆಯ ದಂಡೆ. ಬರಿಗಾಲು. ಕೈಯಲ್ಲಿ ಕೋಲು.

ಹಂಪಿಯ ಲೈನೂ ಹಳೆಯ ಹೊಸಪೇಟೆಯ ಲೈನಿನಷ್ಟೇ ನಿಧಾನ. ನೀರು ಚೌಕ ಚೌಕವಾಗಿ ಬಂತು. ಆಚೆ ದಡದ ಮರಗಳು ಮೊದಲು ಬರೀ ಹಸಿರು ಮೋಡ, ಆಮೇಲೆ ಟೊಂಗೆ, ಆಮೇಲೆ ಎಲೆ. ಮೇಲೆ ಅದೇ ಜೇನುತುಪ್ಪದ ಬಣ್ಣದ ಆಕಾಶ. ಜಂಬುನಾಥನ ಎದೆಯಿಂದ ಅದಿರಿನ ಧೂಳೆಲ್ಲ ಯಾರೋ ಊದಿ ತೆಗೆದಂತಾಯಿತು. ನಾಲ್ಕು ವರ್ಷ ನಡೆದೇ ಇಲ್ಲ, ಲಾರಿಗಳಿಲ್ಲ, ಚೀಟಿಗಳಿಲ್ಲ, ಈಗಷ್ಟೇ ಬೆಳಗಾಗಿದೆ. ಅವನು ದಂಡೆಗುಂಟ ಸುಮ್ಮನೆ ನಡೆದ. ಹುಲ್ಲು ತೂಗುತ್ತಿತ್ತು. ಎಷ್ಟು ಮೈಮರೆತಿದ್ದನೆಂದರೆ ಪೊದೆಯಿಂದ ಬಂದ ಹೋತವನ್ನು ನೋಡಲೇ ಇಲ್ಲ. ಅದು ಗುದ್ದಿ ಕೆಡವಿತು. ಎದ್ದ. ಮತ್ತೆ ಕೆಡವಿತು. ಇನ್ನೊಂದು ಗುದ್ದಿಗೆ ಪ್ರಾಣ ಹೋಗಬೇಕು, ಅಷ್ಟರಲ್ಲಿ ಬಿಳಿ ಕುದುರೆಯ ಮೇಲೆ ಬಂಗಾರದ ಕವಚ ತೊಟ್ಟ ಒಬ್ಬ ವೀರ ಬಂದು ಕತ್ತಿ ಬೀಸಿದ. ಹೋತ ಉರುಳಿತು. ವೀರ ಕುದುರೆ ಇಳಿದು ಇವನಿಗೆ ಒಂದು ರೊಟ್ಟಿ ಕೊಟ್ಟ. ಅವನ ತಲೆಯ ಮೇಲೆ ತೇಲುತ್ತಿದ್ದ ಹೆಸರು ವೀರಜಂಬು.

ಜಂಬುನಾಥ ಬೈಯಲಿಕ್ಕೆಂದೇ ಬೆರಳು ಎತ್ತಿದ. ಆದರೆ ಮೊದಲು ಯಾರೆಂದು ತಿಳಿಯಬೇಕಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದು, ನೀವು ಯಾರು ಎಂದು ಕೇಳಿದ.

ಉತ್ತರ ಕೂಡಲೇ ಬಂತು. "ಕನ್ನಡದವರಾ? ನಾನು ಹೊಸಪೇಟಿ. ಎರಡು ವರ್ಷದಾಗ ಇಲ್ಲಿ ಒಬ್ರೂ ಸಿಕ್ಕಿರಲಿಲ್ಲ. ಬರ್ರಿ, ಸೇತುವಿ ಮ್ಯಾಲ ಕುಂದ್ರೋಣು."

ಕೂತರು. ಕೆಳಗೆ ಹೊಳೆ ಚೌಕ ಚೌಕವಾಗಿ ಹೋಗುತ್ತಿತ್ತು. ಆ ವೀರ ತಾನಾಗಿಯೇ ಬರೆಯತೊಡಗಿದ.

"ಈ ಹೆಸರು ನಂದಲ್ಲ, ನನ್ನ ಗಂಡಂದು."

ಜಂಬುನಾಥ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ.

ಗಂಡ ಊಟಕ್ಕೆ ಕೂತಾಗಲೆಲ್ಲ ಈ ಜಾಗದ ಮಾತೇ ಆಡುತ್ತಿದ್ದನಂತೆ. ಅದೇ ಹೋತ, ಅದೇ ಬೆಟ್ಟ. ಇವನು ತನ್ನ ಜೊತೆ ಇಲ್ಲ, ಬೇರೆ ಯಾವುದೋ ಊರಲ್ಲಿದ್ದಾನೆ ಎಂದು ಅವಳಿಗೆ ಮದುವೆಯಾದ ಹೊಸತರಲ್ಲಿ ಅನ್ನಿಸಿತಂತೆ. ಆ ಊರು ಹೇಗಿದೆ ನೋಡೋಣವೆಂದು ಒಂದು ಮಧ್ಯಾಹ್ನ, ಸೆಂಟರಿನಲ್ಲಿ ಹುಡುಗರು ಊಟಕ್ಕೆ ಹೋದಾಗ, ಒಳಗೆ ಬಂದಳಂತೆ. ಗುಪ್ತಪದವನ್ನು ಅವನೇ ಕತೆಯ ನಡುವೆ ನಾಲ್ಕು ಸಲ ಹೇಳಿದ್ದ. ಬಂದವಳಿಗೆ ಹೋಗಲು ಮನಸ್ಸಾಗಲಿಲ್ಲ. ಊಟದ ಆ ಅರ್ಧ ಗಂಟೆ ಎರಡು ವರ್ಷದಿಂದ ಅವಳದೇ. ಇವತ್ತು ಮುಚ್ಚುತ್ತಾರೆಂದು ತಿಳಿದು, ಇಡೀ ಮಧ್ಯಾಹ್ನ ಬೇಕೆಂದು, ರಜೆ ಹಾಕಿ ಬಸ್ ಸ್ಟ್ಯಾಂಡಿನ ಸೈಬರಿಗೆ ಬಂದಿದ್ದಾಳೆ.

"ಗಂಡಗ ಯಾಕ ಹೇಳ್ಲಿಲ್ಲ?" ಎಂದು ಜಂಬುನಾಥ ಹೇಗೋ ಬರೆದ.

"ಹೇಳಿದ್ರ ಕಲಿಸಾಕ ಬರ್ತಿದ್ರು."

ಅವಳ ಸಾಲುಗಳು ಒಂದೊಂದಾಗಿ ಬಂದವು. ತಮ್ಮ ಹಳೆಯ ದಿನಗಳು ಮುಗಿದೇ ಹೋಗಿವೆ ಅಂತಾರೆ ಅವರು, ನನ್ನವು ಇವತ್ತು ನಾಲ್ಕಕ್ಕೆ ಮುಗಿಯುತ್ತವೆ. ಇಲ್ಲಿ ಬಂದ ಮೊದಲ ದಿನ ನನ್ನನ್ನೂ ಹೋತ ಕೆಡವಿತ್ತು. ಅವರು ಹೇಳಿದ ಬೆಟ್ಟ ಹತ್ತಿದೆ. ಅದರಾಚೆ ಇನ್ನೂ ನಡೆದೆ. ಸಮುದ್ರ ಇದೆ.

ಜಂಬುನಾಥ ಹ್ಞೂಂ ಎಂದು ಬರೆದ. ಅವಳು ಸಮುದ್ರದ ಬಣ್ಣ ಹೇಳಿದಳು, ಅಲ್ಲಿ ಒಬ್ಬಳೇ ಕೂತ ಮಧ್ಯಾಹ್ನಗಳನ್ನು ಹೇಳಿದಳು, ತವರಿನಲ್ಲಿ ಯಾರಿಗೂ ಹೇಳದ ಎಷ್ಟೋ ಮಾತು ಹೇಳಿದಳು. ಇವನು ಪ್ರತಿ ಸಾಲಿಗೂ ಹ್ಞೂಂ ಎಂದ. ಸೇತುವೆಯ ಮೇಲೆ ಒಬ್ಬೊಬ್ಬರೇ ಹಳಬರು ಬಂದು ಕೂರತೊಡಗಿದರು. ಸೂರ್ಯ ಬೆಟ್ಟದ ಹಿಂದೆ ಇಳಿದ. ಹೊಳೆಯ ಚೌಕಗಳು ಒಂದೊಂದೇ ಆರಿದವು. ನಾನೇ ಕಣೇ ಎಂದು ಅವನು ಅರ್ಧ ಬರೆಯುವಷ್ಟರಲ್ಲಿ ಪರದೆ ಕಪ್ಪಾಯಿತು.

ಪಾಲಪ್ಪ ಬಂದು, ಕರೆಂಟು ಹೋಗಿಲ್ಲವಲ್ಲ, ಯಾಕೆ ಅಳುತ್ತೀರಿ ಎಂದು ಕೇಳಿದ.

ಹೊಸಪೇಟೆ ಮುಟ್ಟಿದಾಗ ಸಂಜೆ ಆರು. ಓಣಿಗೆ ತಿರುಗಿದ ಜಂಬುನಾಥನ ಕಾಲು ನಿಂತೇಬಿಟ್ಟವು. ಮನೆಯ ಮುಂದೆ ಎರಡು ಗುಂಪು. ಒಂದರಲ್ಲಿ ಎಲೆಯ ಗಂಟು ಹಿಡಿದ ಉಜ್ಜಿನಪ್ಪ ಮತ್ತು ಯಾರ್ಡಿನ ಮೂವರು. ಅವರು ತ್ರಿವೇಣಿಯನ್ನು ನೋಡಲು ಬಂದವರು. ಇನ್ನೊಂದರಲ್ಲಿ ಕಂಪ್ಯೂಟರ್ ಸೆಂಟರಿನ ಗಂಗಾಂಬಿಕಾ ಮೇಡಂ ಮತ್ತು ಎಳನೀರು ಹೊತ್ತ ಟ್ಯಾಲಿ ವಿದ್ಯಾರ್ಥಿಗಳು. ಅವರು ಜಂಬುನಾಥನನ್ನು ನೋಡಲು ಬಂದವರು. ಗಂಡನಿಗೆ ಚಿಕುನ್‌ಗುನ್ಯಾ, ಕೈಕಾಲು ಎತ್ತಲು ಬರುತ್ತಿಲ್ಲ ಎಂದು ತ್ರಿವೇಣಿ ಬೆಳಿಗ್ಗೆ ರಜೆ ಕೇಳಿದ್ದಳು. ನಡುವೆ ಮೆಟ್ಟಿಲ ಮೇಲೆ ಬಸಕ್ಕ, ಎರಡೂ ಕಡೆಯ ವಾದ ಕೇಳಿದ ನ್ಯಾಯಾಧೀಶರಂತೆ ಕೂತಿದ್ದಳು.

ಅದೇ ಹೊತ್ತಿಗೆ ಓಣಿಯ ಆ ಕೊನೆಯಿಂದ ತ್ರಿವೇಣಿ ಬಂದಳು. ಅವಳ ಕಣ್ಣೂ ಕೆಂಪಾಗಿದ್ದವು.

"ಆರಾಮಿಲ್ಲದವರು ಯಾರು?" ಬಸಕ್ಕ ಕೇಳಿದ್ದು ಅಷ್ಟೇ.

ಗಂಡ ಹೆಂಡತಿಯ ಕಡೆ ಕೈ ತೋರಿಸಿದ. ಹೆಂಡತಿ ಗಂಡನ ಕಡೆ ತೋರಿಸಿದಳು. ಉಜ್ಜಿನಪ್ಪ ಇಬ್ಬರ ಕೆಂಪು ಕಣ್ಣನ್ನೂ ಹತ್ತಿರದಿಂದ ನೋಡಿ, ಇಬ್ಬರಿಗೂ ಹಿಡಿದಿದೆ, ಒಬ್ಬರಿಗೊಬ್ಬರು ಆಸರೆಯಾಗಿ ಹೇಗೋ ಓಡಾಡುತ್ತಿದ್ದಾರೆ, ಪಾಪ ಎಂದ. ಎಲೆಯನ್ನು ಬಸಕ್ಕನ ಒಲೆಯ ಮೇಲೆ ಕುದಿಸಲಾಯಿತು. ಹಾಗಲಕಾಯಿ ಅದರ ಮುಂದೆ ಪಾಯಸ. ಇಬ್ಬರಿಗೂ ತುಂಬಿದ ಲೋಟ ಕೊಟ್ಟು, ಮುಗಿಸುವವರೆಗೂ ಎದುರಿಗೆ ನಿಂತರು. ಒಂದು ವಾರ ಮೂರು ಹೊತ್ತು ಕುಡಿಯಬೇಕು, ನಾನೇ ಬಂದು ಕುಡಿಸುತ್ತೇನೆ ಎಂದು ಉಜ್ಜಿನಪ್ಪ ಮಾತು ಕೊಟ್ಟ. ಕಂಬಳಿ ಹೊದಿಸಿ, ದೀಪ ಆರಿಸಿ ಎಲ್ಲರೂ ಇಳಿದು ಹೋದರು.

ಅಕ್ಕಪಕ್ಕದ ಚಾಪೆಯ ಮೇಲೆ ಇಬ್ಬರೂ ಮಾಳಿಗೆಯ ಜಂತಿ ನೋಡುತ್ತ ಬಿದ್ದಿದ್ದರು. ಮೊದಲು ಮಾತಾಡಿದವಳು ತ್ರಿವೇಣಿ. ಎಲ್ಲ ಹೇಳಿಬಿಟ್ಟಳು, ವೀರಜಂಬುವಿನಿಂದ ಹಿಡಿದು ಸಮುದ್ರದವರೆಗೆ. ಕೊನೆಗೆ ಅವಳ ದನಿ ತೇಲತೊಡಗಿತು.

"ಇವತ್ತ ಬಸ್ಯಾ ಅನ್ನೋರು ಒಬ್ರು ಸಿಕ್ಕಿದ್ರು. ಹೊಸಬರು, ಕಾಲಾಗ ಚಪ್ಪಲಿ ಸೈತ ಇಲ್ಲ. ಒಂದು ತಾಸು ನಾನ ಮಾತಾಡಿದೆ, ಸುಮ್ನ ಕೇಳಿದ್ರು. ಅಂಥವ್ರೂ ಇರ್ತಾರ. ಯಾವೂರು ಅಂತ ಕೇಳೋದ ಮರೆತೆ."

ಜಂಬುನಾಥ ಎದ್ದು ಕೂತ.

"ತ್ರಿವೇಣಿ, ಅದು ನಾನ."

ಅವಳು ಆ ಇಡೀ ದಿನದಲ್ಲಿ ಮೊದಲ ಸಲ ನಕ್ಕಳು.

"ಸುಮ್ನ ಮಲಕ್ಕೋರಿ. ನೀವು ಒಂದು ತಾಸು ಬಾಯಿ ಮುಚ್ಚಿಕೊಂಡು ಕುಂತಿದ್ರಿ ಅಂದ್ರ ಬಸಕ್ಕನೂ ನಂಬಂಗಿಲ್ಲ."

ಹಂಪಿ, ಪಾಲಪ್ಪನ ಅಂಗಡಿ, ಬಸ್ಯಾ ಎಂಬ ಹೆಸರು, ಎಲ್ಲ ಹೇಳಿ ನೋಡಿದ. ನಾನು ಈಗ ಹೇಳಿದ್ದನ್ನೇ ಕೇಳಿಸಿಕೊಂಡು ಚೆನ್ನಾಗಿ ಹೆಣೆಯುತ್ತೀರಿ ಎಂದು ಮಗ್ಗುಲಾದಳು.

ಅಂದಿನಿಂದ ಆ ಮನೆಯಲ್ಲಿ ಊಟಕ್ಕೆ ಕೂತಾಗ ಕತೆ ಹೇಳುವವಳು ತ್ರಿವೇಣಿ. ಸೇತುವೆಯ ಮೇಲೆ ಕೂತ ಆ ಬರಿಗಾಲಿನ ಮನುಷ್ಯನಿಗೆ ಎಂಥ ತಾಳ್ಮೆ, ಎಂಥ ಮನಸ್ಸು, ಪ್ರತಿ ಹ್ಞೂಂನಲ್ಲೂ ಎಷ್ಟು ಅರ್ಥ ಎಂದು ಕಣ್ಣರ್ಧ ಮುಚ್ಚಿ ಹೇಳುತ್ತಾಳೆ. ಜಂಬುನಾಥ ರೊಟ್ಟಿ ಮುರಿಯುತ್ತ ಕೇಳುತ್ತಾನೆ. ತಡೆಯಲಾರದೆ ನಡುವೆ ಬಾಯಿ ಹಾಕಿದರೆ ಅವಳು ಮಾತು ನಿಲ್ಲಿಸಿ ಅವನ ಕಡೆ ನೋಡಿ ಹೇಳುತ್ತಾಳೆ:

"ನೋಡ್ರಿ, ಅವರಾಗಿದ್ರ ಪೂರ್ತಿ ಕೇಳ್ತಿದ್ರು."