ಅವ್ವನ ಹೆಸರಿನ ಟ್ರ್ಯಾಕ್ಟರ್ ಆಟ

ಗುರುಪುರದ ಯತೀಶನ ಮನೆಗೆ ಹಸು, ಪಂಪ್‌ಸೆಟ್ಟು, ಸಿಮ್ ಕಾರ್ಡು, ಏನೇ ಹೊಸದಾಗಿ ಬಂದರೂ ಅವ್ವ ಚಿಕ್ಕಸಿದ್ದಮ್ಮನ ಹೆಸರಿಗೇ ಬರಬೇಕು. ಅವಳ ಕೈಗುಣ ಅಂಥದ್ದು. ಹೋದ ದೀಪಾವಳಿಯಲ್ಲಿ ಅವನು ಕಂಪ್ಯೂಟರಿಗೆ ಟ್ರ್ಯಾಕ್ಟರ್ ರೇಸಿನ ಆಟ ಕೊಂಡಾಗಲೂ ಖಾತೆ ತೆರೆದದ್ದು ಅವ್ವನ ಹೆಸರಿನಲ್ಲೇ.

ಈ ಭಾನುವಾರ ಸಂಜೆ ನಾಲ್ಕಕ್ಕೆ ಆನ್‌ಲೈನ್ ಸ್ಪರ್ಧೆ. ಮೊದಲು ಬಂದವರಿಗೆ ಮೈಸೂರಿನಲ್ಲಿ ಫೈನಲ್. ತಾನು ಕೆಲಸಕ್ಕಿದ್ದ ಹುಣಸೂರಿನ ಗೊಬ್ಬರದಂಗಡಿಯ ಜೊತೆಗಾರರಿಗೆಲ್ಲ, ಗೆಲ್ಲುವುದು ನಾನೇ ಎಂದು ಯತೀಶ ಸಾರಿಬಿಟ್ಟಿದ್ದ. ತನ್ನ ಹೆಸರೇ ಮೆರೆಯಲೆಂದು ಹಿಂದಿನ ದಿನ ಅವ್ವನ ಖಾತೆಯಿಂದ ಹೊರಬಂದು, ತನ್ನದೇ ಹೊಸ ಖಾತೆ ತೆರೆದ. ಭಾನುವಾರ ಮೂರು ಗಂಟೆಗೆ ಆಟ ಒತ್ತಿದರೆ ಕೆಂಪಕ್ಷರ: ‘ಈ ಆಟ ನಿಮ್ಮದಲ್ಲ. ನಿಮಗೆ ಪರವಾನಗಿ ಇಲ್ಲ.’

ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದ. ಆಟ ಅಳಿಸಿ ಮತ್ತೆ ಇಳಿಸಿದ. ಉಂಡರೂ ಏಳದ ನೆಂಟನಂತೆ ಕೆಂಪಕ್ಷರ ಕದಲಲಿಲ್ಲ.

ನಾಡಕಚೇರಿಯಲ್ಲಿದ್ದು ನಿವೃತ್ತರಾದ ಪಕ್ಕದ ಮನೆ ಷಣ್ಮುಖಪ್ಪ ಕಿಟಕಿಯಲ್ಲಿ ಇಣುಕಿದರು. “ಅವ್ವನ ಆಸ್ತಿ ಮಗನ ಹೆಸರಿಗೆ ಮಾಡ್ಸದು ಏನು ಮಹಾ? ಅರ್ಜಿ ಬರಿ ಕಣ್ಲಾ. ವಂಶವೃಕ್ಷ ಲಗತ್ತಿಸು!”

ಯತೀಶ ಹಾಗೇ ಕಳಿಸಿದ. ಆಟದ ಕಂಪನಿಯಿಂದ ತಕ್ಷಣ ಉತ್ತರ: ‘ವರ್ಗಾವಣೆ ಇಲ್ಲ. ವಾರಸುದಾರರಿಗೂ ಇಲ್ಲ.’

“ಹೆತ್ತ ಮಗನಿಗೂ ಇಲ್ವಾ? ಯಾವ ಸೀಮೆ ಕಾನೂನ್ಲಾ ಇದು!” ಷಣ್ಮುಖಪ್ಪ ಕಿಟಕಿ ಬಿಟ್ಟು ಒಳಗೇ ಬಂದು ಕೂತರು.

ಉಳಿದದ್ದು ಒಂದೇ ದಾರಿ, ಅವ್ವನ ಖಾತೆಗೇ ಮರಳುವುದು. ಅದಕ್ಕೆ ಬೇಕಾದ ಓಟಿಪಿ ಹೋದದ್ದು ಅವ್ವನ ಮೊಬೈಲಿಗೆ. ಅವ್ವ ಊರಾಚೆ ಹೊಗೆಸೊಪ್ಪು ಕಟ್ಟುವ ಕೆಲಸದಲ್ಲಿದ್ದಳು.

“ಅವ್ವಾ, ಮೊಬೈಲ್‌ಗೆ ಆರಂಕಿ ಬಂದದೆ, ಬೇಗ ಹೇಳು!”

“ಹೇಳಕ್ಕಿಲ್ಲ ಕಣಪ್ಪ. ಯಾರ್ ಕೇಳುದ್ರೂ ಹೇಳ್ಬ್ಯಾಡಿ ಅಂತ ಸಂಘದ ಮೀಟಿಂಗ್‌ನಲ್ಲಿ ಬ್ಯಾಂಕ್ ಮೇಡಮ್ಮು ಹೇಳವ್ರೆ.”

“ನಾನು ನಿನ್ ಮಗ ಕಣವ್ವ!”

“ಕಳ್ಳರೂ ಅಂಗೇ ಅಂತಾರಂತೆ,” ಎಂದು ಫೋನ್ ಇಟ್ಟಳು.

ಯತೀಶ ಬೈಕ್ ಹಾರಿಸಿಕೊಂಡು ಹೋಗಿ, ಅವಳನ್ನು ಸೊಪ್ಪಿನ ಕೈಯಲ್ಲೇ ಕೂರಿಸಿಕೊಂಡು ಬಂದ. ಗಂಟೆ ನಾಲ್ಕಕ್ಕೆ ಮೂರೇ ನಿಮಿಷ. ಅವ್ವ ಸೆರಗಿನ ಮರೆ ಮಾಡಿ, ಹೊಸದಾಗಿ ತರಿಸಿದ ಓಟಿಪಿಯ ಒಂದೊಂದೇ ಅಂಕಿ ತಾನೇ ಒತ್ತಿದಳು. ಆಟ ತೆರೆದುಕೊಂಡಿತು!

ಅಷ್ಟರಲ್ಲಿ ಕೇರಿಯ ಅರ್ಧ ಜನ ಒಳಗಿದ್ದರು. ಟ್ರ್ಯಾಕ್ಟರ್ ಹಗ್ಗ ಕಿತ್ತ ಹೋರಿಯಂತೆ ನುಗ್ಗಿತು. “ಎಡಕ್ಕ್ ಎಳಿ! ಹಳ್ಳ ಅದೆ, ಹಳ್ಳ!” ಷಣ್ಮುಖಪ್ಪ ಕುರ್ಚಿಯ ಮೇಲೆ ಹತ್ತಿ ನಿಂತರು. ಕೊನೆಯ ತಿರುವಿನಲ್ಲಿ ಮೂವರನ್ನು ಹಿಂದೆ ಹಾಕಿ ಯತೀಶ ಮೊದಲು ಬಂದ! ಶಿಳ್ಳೆಗೆ ಹೆಂಚು ಅದುರಿತು.

ಹತ್ತು ನಿಮಿಷಕ್ಕೆ ಅವ್ವನ ಮೊಬೈಲ್ ಬಡಿದುಕೊಂಡಿತು. ಸ್ಪೀಕರಿನಲ್ಲಿ ಸ್ಪರ್ಧೆ ನಡೆಸುವವರ ದನಿ.

“ಚಿಕ್ಕಸಿದ್ದಮ್ಮನವರೇ, ಅಭಿನಂದನೆ! ಮುಂದಿನ ಭಾನುವಾರ ಫೈನಲ್. ಆಧಾರ್ ಕಾರ್ಡ್ ತನ್ನಿ. ಖಾತೆ ಯಾರ ಹೆಸರಲ್ಲಿದೆಯೋ ಅವರೇ ಆಡ್ಬೇಕು.”

“ನನ್ ಕೈಲಿ ಆಗಕ್ಕಿಲ್ಲ, ಮಗ ಆಡ್ತಾನೆ ಅನ್ನವ್ವ,” ಯತೀಶ ಪಿಸುದನಿಯಲ್ಲಿ ಗೋಗರೆದ.

ಅವ್ವ ಒಂದು ಕ್ಷಣ ಪರದೆ ನೋಡಿದಳು. “ಬತ್ತೀನಿ ಬುಡಿ ಸ್ವಾಮಿ.”

ಫೋನ್ ಇಟ್ಟವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗನನ್ನು ಎಬ್ಬಿಸಿ ಅವನ ಕುರ್ಚಿಯಲ್ಲಿ ಕೂತಳು.

“ಹಾರ್ನು ಎಲ್ಲದೆ ತೋರ್ಸ್ಲಾ.”