ಸತ್ತ ಹುಡುಗಿಯ ದನಿ

ಡಬ್ಬಿಂಗ್ ಅಕ್ಕ ಬೆಳಿಗ್ಗೆ ಎದ್ದು ಬಟ್ಟೆಯ ಬೀರುವಿನೊಳಗೆ ಕೂತು ಕಿರುಚಿದ್ದೇ ಎಲ್ಲ ರಾದ್ಧಾಂತಕ್ಕೂ ಮೂಲವಾಯಿತು.

ಅವಳಿಗೆ ಐವತ್ತೆರಡು ವರ್ಷ. ಮಂಡಿನೋವು, ಎರಡು ಕಟ್ಟಿಸಿದ ಹಲ್ಲು. ಆದರೆ ಕನ್ನಡಕ್ಕೆ ಡಬ್ ಆಗುತ್ತಿದ್ದ ಜಪಾನಿ ಅನಿಮೆ ಕಾರ್ಟೂನ್ ಸರಣಿಯೊಂದರ ಡಿವಿಡಿಯಲ್ಲಿ ಶಾಲೆಯ ಹುಡುಗಿಗೆ ದನಿ ಅವಳದೇ. ಸತ್ತರೂ ಯೂನಿಫಾರಂ ಬಿಚ್ಚದೆ ಕ್ಲಾಸಿಗೆ ಬರುವ ದೆವ್ವ. ಕೊನೆಯ ಡಿಸ್ಕಿನ ಕೊನೆಯ ಕೂಗು ಇವತ್ತು ರೆಕಾರ್ಡಿಂಗ್. "ದನಿಗೆ ವಯಸ್ಸಾಗ್ತಿದೆ ಅಕ್ಕ. ಸರಿ ಬರ್ಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ತೀವಿ" ಎಂದು ನಿರ್ದೇಶಕ ಮುಲಾಜಿಲ್ಲದೆ ಹೇಳಿದ್ದ. ಬಾಡಿಗೆಗೆ ಬಂದು ವಾರವಷ್ಟೇ ಆದ ಮನೆ. ಪಕ್ಕದವರು ಆಕಳಿಸಿದರೂ ಕೇಳುವಂಥ ಗೋಡೆ. ಅದಕ್ಕೇ ಅಭ್ಯಾಸಕ್ಕೆ ಬೀರು.

"ಅಮ್ಮಾ... ಬಾಗಿಲು ತೆಗಿಯಮ್ಮಾ!"

ಹತ್ತನೇ ಸಲ ಕೂಗುವಾಗ ಬೀರುವಿನ ಬಾಗಿಲು ತಾನಾಗಿ ತೆರೆಯಿತು. ಎದುರಿಗೆ ಪೇದೆ, ಊರುಗೋಲು ಎತ್ತಿದ ಪಕ್ಕದ ಮನೆ ಮೇಷ್ಟ್ರು, ಕತ್ತರಿ ಹಿಡಿದ ಕೆಳಮನೆ ಟೈಲರ್, ಅವನ ಹಿಂದೆ ಅವನ ಹೆಂಡತಿ. ಮುಂಬಾಗಿಲ ಚಿಲಕ ನೆಲದ ಮೇಲೆ ಬಿದ್ದಿತ್ತು.

"ಹುಡುಗೀನ ಎಲ್ಲಿ ಕೂಡಿಹಾಕಿದ್ದೀರಿ?" ಪೇದೆ ಗದರಿದ.

"ಹುಡುಗಿ ನಾನೇ ಸ್ವಾಮಿ."

ಪೇದೆ ಅವಳ ನರೆಗೂದಲು ನೋಡಿ ಮಂಚದ ಕೆಳಗೆ ಬಗ್ಗಿದ.

"ಮೂವತ್ತು ವರ್ಷ ಹೆಣ್ಮಕ್ಕಳ ಶಾಲೇಲಿ ಪಾಠ ಮಾಡಿದೋನು ನಾನು," ಎಂದರು ಮೇಷ್ಟ್ರು. "ಆ ದನಿ ಒಂಬತ್ತನೇ ಕ್ಲಾಸಿಂದು!"

ಅಂಥ ಹೊತ್ತಿನಲ್ಲೂ ಅವಳಿಗೆ ಒಳಗೊಳಗೇ ಖುಷಿಯಾಯಿತು.

ಡಬ್ಬಿಂಗ್ ಕೆಲಸ, ಇವತ್ತಿನ ರೆಕಾರ್ಡಿಂಗ್ ಎಲ್ಲ ವಿವರಿಸಿ, ರುಜುವಾತಿಗೆಂದು ಪೇದೆಯ ಮುಂದೆ ಕೂಗಿದಳು. ಮೇಷ್ಟ್ರ ಅನುಮಾನಕ್ಕೆ ಮತ್ತೊಮ್ಮೆ. ಮೆಟ್ಟಿಲ ತುಂಬ ನೆರೆದವರಿಗಾಗಿ ಮಗದೊಮ್ಮೆ. ಕೊನೆಗೆ ಗಂಟಲು ಹಳೇ ಗೇಟಿನಂತೆ ಕಿರ್ರೆಂದಿತು, ಆಮೇಲೆ ಅದೂ ಇಲ್ಲ. ಜನ ಟಿಕೆಟ್ಟಿಲ್ಲದ ಆಟ ಮುಗಿದಂತೆ ಚದುರಿದರು.

ಟೈಲರನ ಹೆಂಡತಿ ಮಾತ್ರ ನಿಂತೇ ಇದ್ದಳು. "ಪೊಲೀಸಿಗೆ ಹೇಳಿದ್ದು ನಾನೇ ಅಕ್ಕ. ಹೋದ ವರ್ಷ ಜ್ವರದಲ್ಲಿ ನನ್ನ ಮಗಳು ಹೋದ್ಲು. ಆ ಕೂಗು ಕೇಳಿ ಸುಮ್ನಿರೋಕಾಗ್ಲಿಲ್ಲ. ನಡೀರಿ, ನಿಮ್ಮ ಗಂಟಲು ಕೆಟ್ಟಿದ್ದು ನನ್ನಿಂದ ಅಂತ ನಿಮ್ಮ ಸಾಹೇಬ್ರಿಗೆ ನಾನೇ ಹೇಳ್ತೀನಿ."

ಸ್ಟುಡಿಯೋದಲ್ಲಿ ನಿರ್ದೇಶಕ ಯಾರ ಮಾತನ್ನೂ ಕೇಳಲಿಲ್ಲ. ಕೆಂಪು ದೀಪ ಹತ್ತಿತು. ಪರದೆಯ ಮೇಲೆ ಸತ್ತ ಹುಡುಗಿ ತನ್ನ ಮನೆಯ ಬಾಗಿಲು ಬಡಿಯುತ್ತಿದ್ದಳು. ಒಳಗೆ ತಾಯಿ ಪಾತ್ರೆ ತೊಳೆಯುತ್ತಿದ್ದಳು, ಅವಳಿಗೆ ಕೇಳಿಸದು. ಡಬ್ಬಿಂಗ್ ಅಕ್ಕ ಬಾಯಿ ತೆರೆದಳು. ಪಂಕ್ಚರ್ ಆದ ಟ್ಯೂಬಿನಂತೆ ಬರೀ ಗಾಳಿ ಬಂತು.

ಮೂಲೆಯಲ್ಲಿ ಕೂತಿದ್ದ ಟೈಲರನ ಹೆಂಡತಿ ಎದ್ದು ಪರದೆಯತ್ತ ನಡೆದು ಮೈಕಿನ ಬಳಿ ನಿಂತಳು.

"ಅಮ್ಮಾ... ನಾನಮ್ಮಾ. ಬಾಗಿಲು ತೆಗಿ."

ಅದು ಅವಳ ದನಿಯಲ್ಲ. ಎಳೆಯದು, ತುಸು ಮೂಗಿನದು, ಜ್ವರ ಬಂದಂಥದು.

"ಹೀಗೇ ಕರೀತಿದ್ಲು," ಎಂದಳು ಅವಳು ತನ್ನ ದನಿಯಲ್ಲಿ.

ಸೌಂಡ್ ಇಂಜಿನಿಯರ್ ಕಣ್ಣೊರೆಸಿಕೊಂಡ. ನಿರ್ದೇಶಕ ವ್ಯವಹಾರಸ್ಥ. "ಟೇಕ್ ಓಕೆ. ಮುಂದೆ ಬರೋ ಎರಡನೇ ಭಾಗಕ್ಕೂ ಇವರೇ ಇರ್ಲಿ. ಅಕ್ಕ, ನೀವಿನ್ನು ಮನೇಲಿ ರೆಸ್ಟ್ ತಗೊಳ್ಳಿ."

ವಾಪಸು ಬರುವಾಗ ಬಸ್ಸಿನಲ್ಲಿ ಟೈಲರನ ಹೆಂಡತಿ ಅವಳ ಕೈ ಹಿಡಿದೇ ಕೂತಿದ್ದಳು.

"ಅಕ್ಕ, ಎರಡನೇ ಭಾಗದಲ್ಲಿ ಅವಳು ತುಂಬಾ ಮಾತಾಡ್ತಾಳಾ?"

ಕೆಲಸವೂ ಹೋಗಿ ದನಿಯೂ ಹೋದ ಡಬ್ಬಿಂಗ್ ಅಕ್ಕ, ತುಂಬಾ ಎಂದು ತಲೆಯಾಡಿಸಿದಳು.