ಸೈಟು ಮುಚ್ಚುವ ಮುನ್ನ

"ಒಂದೊಂದೇ ಒತ್ತಿ ಇಳಿಸ್ಕೊಳ್ಳೋಕೆ ನಾವೇನು ಹೆಬ್ಬೆಟ್ಟಾ ಈಶಪ್ಪ? ಹತ್ತೇ ಹತ್ತು ಸಾಲು ಬರೀತೀನಿ. ಫೈಲುಗಳು ತಾವಾಗೇ ಬಂದು ನನ್ನ ಕಂಪ್ಯೂಟರಲ್ಲಿ ಕೈಕಟ್ಟಿ ನಿಂತ್ಕೋತಾವೆ!"

ಫೋನಿನಲ್ಲಿ ಹೀಗೆ ಗುಡುಗಿದವರು ರಾಜಗೋಪಾಲನಗರದ ಸಿದ್ದರಾಜು. ಪೀಣ್ಯದ ಒಂದು ವಾಲ್ವ್ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷದಿಂದ ಕ್ವಾಲಿಟಿ ಇನ್ಸ್‌ಪೆಕ್ಟರ್. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮಾಲನ್ನು ವಾಪಸ್ ಕಳಿಸುವ ಮನುಷ್ಯ. ಕಳೆದ ವರ್ಷ ಕಾರ್ಖಾನೆಯವರು ಆರು ಶನಿವಾರ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಪಾಠ ಹೇಳಿಸಿ ಸರ್ಟಿಫಿಕೇಟ್ ಕೈಗಿಟ್ಟ ಮೇಲಂತೂ ಅವರ ಮೀಸೆ ಅರ್ಧ ಇಂಚು ಮೇಲೆದ್ದಿತ್ತು.

"ನೋಡಪ್ಪ, ಭಾನುವಾರ ಸಾಯಂಕಾಲ ಐದಕ್ಕೆ ಸೈಟು ಹೋಗುತ್ತೆ. ಆಮೇಲೆ ಏನೂ ಸಿಗಲ್ಲ" ಎಂದರು ಆ ಕಡೆಯಿಂದ ಹಳೆಯ ಸಹೋದ್ಯೋಗಿ ಈಶಪ್ಪ.

ಸ್ಪೀಕರಿನಲ್ಲಿದ್ದ ಮಾತು ಅಡುಗೆಮನೆಗೂ ಕೇಳಿಸಿತು. ಹೆಂಡತಿ ಪದ್ಮಾವತಿ ಸೌಟು ಹಿಡಿದೇ ಓಡಿಬಂದರು. "ಯಾವ ಸೈಟು ಕಣ್ರೀ? ಮಾದನಾಯಕನಹಳ್ಳೀದಾ? ಕಾಂಪೌಂಡ್ ಹಾಕ್ಸಿ ಹಾಕ್ಸಿ ಅಂತ ಬಡ್ಕೊಂಡೆ!"

"ಆ ಸೈಟಲ್ಲ ಕಣೇ, ವೆಬ್‌ಸೈಟು! ನಮ್ಮ ಕನ್ನಡ ಸಂಘದ್ದು!"

ಕಾರ್ಖಾನೆಯ ಕನ್ನಡ ಸಂಘ ಒಂದು ಕಾಲಕ್ಕೆ ಪ್ರತಿ ನವೆಂಬರಿನಲ್ಲೂ ಶೆಡ್ಡಿನ ಮುಂದೆ ಪರದೆ ಕಟ್ಟಿ ನಾಟಕ ಆಡುತ್ತಿತ್ತು. ಈಶಪ್ಪ ಅದನ್ನೆಲ್ಲ ಟೇಪಿನಲ್ಲಿ ಹಿಡಿದಿಟ್ಟು, ಮುಂದೆ ವೆಬ್‌ಸೈಟಿಗೂ ಏರಿಸಿದ್ದರು. ಈಗ ಸಂಘವಿಲ್ಲ, ಸೈಟಿಗೆ ದುಡ್ಡು ಕಟ್ಟುವವರಿಲ್ಲ, ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಕಸಕ್ಕೆ ಹೋಗಿದ್ದವು. ಉಳಿದದ್ದು ಸೈಟಿನಲ್ಲಿದ್ದ ನೂರಮೂವತ್ತೇಳು ಫೈಲುಗಳು ಮಾತ್ರ.

ಭಾನುವಾರ ಬೆಳಿಗ್ಗೆ ಸಿದ್ದರಾಜು ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು ಕಂಪ್ಯೂಟರಿನ ಮುಂದೆ ಪಟ್ಟಾಭಿಷಿಕ್ತರಾದರು.

"ಇದರಲ್ಲಿ ಒಂದು ಲೈಬ್ರರಿ ಇದೆ ಕಣೇ. ವಿಳಾಸ ಹೇಳಿದ್ರೆ ಸಾಕು, ಅಲ್ಲಿಗೆ ಹೋಗಿ ಫೈಲು ತಂದುಬಿಡುತ್ತೆ."

"ಅಷ್ಟು ದೂರ ಹೋಗೋದಾದ್ರೆ ಬರ್ತಾ ಒಂದು ಕಟ್ಟು ಕೊತ್ತಂಬರೀನೂ ತರೋಕೆ ಹೇಳಿ."

ಹತ್ತು ಸಾಲು ಹದಿನಾಲ್ಕಾಯಿತು. ಮಧ್ಯಾಹ್ನ ಗುಂಡಿ ಒತ್ತಿದರು. ಆಹಾ! ತೆರೆಯ ಮೇಲೆ 'ಬಂತು, ಬಂತು, ಬಂತು' ಎಂದು ಸಾಲುಗಳು ಮೆರವಣಿಗೆ ಹೊರಟವು. ನಾಲ್ಕೂಮುಕ್ಕಾಲಿಗೆ ನೂರಮೂವತ್ತೇಳನೆಯ 'ಬಂತು' ಬಂತು. ಐದಕ್ಕೆ ಸೈಟು ಹೋಯಿತು. ಐದೂವರೆಗೆ ಟಿ. ದಾಸರಹಳ್ಳಿಯಿಂದ ಈಶಪ್ಪ ಖಾರಾಬೂಂದಿ ಪೊಟ್ಟಣದೊಂದಿಗೆ ಬಂದರು.

ಸಿದ್ದರಾಜು ಗತ್ತಿನಿಂದ ಫೋಲ್ಡರ್ ತೆರೆದರು. ಒಳಗೆ ಇದ್ದದ್ದು ಒಂದೇ ಫೈಲು. ಹೆಸರು 'ನಾಟಕ'.

ಮುಚ್ಚಿ ತೆರೆದರು. ಒಂದೇ. ಕಂಪ್ಯೂಟರನ್ನೇ ಆರಿಸಿ ಹಚ್ಚಿದರು. ಆಗಲೂ ಒಂದೇ. ತಾವು ಬರೆದ ಸಾಲುಗಳನ್ನು ಕನ್ನಡಕ ಏರಿಸಿ ಓದಿದಾಗ ಅವರ ಕಿವಿ ಬಿಸಿಯಾಯಿತು. "ಬಂದ ಫೈಲಿಗೆಲ್ಲ ಒಂದೇ ಹೆಸರು ಕೊಟ್ಬಿಟ್ಟಿದೀನಿ ಕಣೋ... ಹೊಸದು ಬಂದಾಗೆಲ್ಲ ಹಳೇದು ಅಳಿಸ್ಕೊಂಡು ಹೋಗಿದೆ."

"ಅಂದ್ರೆ ಒಂದೇ ಡಬ್ಬಿಗೆ ನೂರಮೂವತ್ತೇಳು ಸಲ ತುಂಬಿ, ಪ್ರತಿ ಸಲ ಮೊದ್ಲಿದ್ದದ್ದನ್ನ ಚೆಲ್ಲಿದ್ರಾ?" ಎಂದರು ಪದ್ಮಾವತಿ.

ಈಶಪ್ಪ ಪೊಟ್ಟಣ ಕೆಳಗಿಟ್ಟರು. "ಮೊದಲ್ನೇ ಪೀಸ್ ಚೆಕ್ ಮಾಡ್ದೇ ಇಡೀ ಲಾಟ್ ಪಾಸ್ ಮಾಡಿದ್ಯಾ ಗುರು? ನೀನು ಕ್ವಾಲಿಟಿ ಇನ್ಸ್‌ಪೆಕ್ಟರಾ?" ಎಂದವರು ನಗಲಿಲ್ಲ. ಗೋಡೆ ನೋಡುತ್ತ ಕೂತರು.

ಸಿದ್ದರಾಜು ಉಳಿದ ಒಂದನ್ನು ಒತ್ತಿದರು. ಗರಗರ ಸದ್ದು. ದೂರದಲ್ಲಿ ಸೆಕೆಂಡ್ ಶಿಫ್ಟಿನ ಸೈರನ್. ಯಾರೋ ಎರಡು ಸಲ ಕೆಮ್ಮಿ ಹಾರ್ಮೋನಿಯಂ ಎಳೆದರು.

"ಚಿಕ್ಕಬೈರಪ್ಪ!" ಈಶಪ್ಪ ನೆಟ್ಟಗೆ ಕೂತರು. "ಅವನದೇ ಕೆಮ್ಮು ಕಣೋ." ಸಂಘದ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದ ಚಿಕ್ಕಬೈರಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮೂವರೂ ಅವರು ಹಾಡಿದ ಕಂದಪದ್ಯವನ್ನು ಕೊನೆಯವರೆಗೆ ಕೇಳಿದರು. ಈಶಪ್ಪ ಕಣ್ಣೊರೆಸಿಕೊಂಡು, "ಇದೊಂದಾದ್ರೂ ಉಳೀತಲ್ಲ, ಬಿಡು" ಎಂದರು.

ಆಗ ರಾಜನ ಪ್ರವೇಶವಾಯಿತು. ಅಂದಿನ ಇಪ್ಪತ್ತಾರು ವರ್ಷದ ಸಿದ್ದರಾಜು ಗರ್ಜಿಸಿದರು: "ಎಲವೋ ಮಂತ್ರಿ!"

ನಂತರ ಮೌನ. ಬಲು ದೀರ್ಘ ಮೌನ.

ಪರದೆಯ ಹಿಂದಿನಿಂದ ಮಾತು ಹೇಳಿಕೊಡುತ್ತಿದ್ದ ಈಶಪ್ಪನವರ ಪಿಸುದನಿ ಕೇಳಿಸಿತು: "ಸಿದ್ದ, ಕತ್ತಿ ತೆಗಿ, ಜೋರಾಗಿ ಹೇಳೋ!"

ರಾಜ ಅದನ್ನೇ ಗರ್ಜಿಸಿದ: "ಎಲವೋ ಮಂತ್ರಿ! ಸಿದ್ದ, ಕತ್ತಿ ತೆಗಿ, ಜೋರಾಗಿ ಹೇಳೋ!"

ಜನ ಬಿದ್ದು ಬಿದ್ದು ನಕ್ಕರು. ಆ ಗದ್ದಲವನ್ನೂ ಮೀರಿಸಿ ಒಂದು ಹೆಣ್ಣುದನಿ ಗಂಟೆ ಹೊಡೆದಂತೆ ನಗುತ್ತಲೇ ಇತ್ತು. ಸಿದ್ದರಾಜು ಹೆಂಡತಿಯ ಕಡೆ ತಿರುಗಿದರು. ಮೂವತ್ತು ವರ್ಷ ಕೇಳಿದ ನಗು. ಗುರುತು ಸಿಗದೆ ಇರುತ್ತದೆಯೇ?

"ಇದು ನೀನಾ? ನಮ್ಮ ಮದುವೆಗೂ ಮುಂಚೆ?"

ಪದ್ಮಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಹೂಂ ಕಣ್ರೀ. ಹುಡುಗನ್ನ ದೂರದಿಂದ ನೋಡ್ಕೊಂಡು ಬರೋಣ ಅಂತ ನಮ್ಮಣ್ಣ ಕರ್ಕೊಂಡು ಬಂದಿದ್ದ. ನಿಮಗೆ ಹೇಳಿರ್ಲಿಲ್ಲ."

ಸಿದ್ದರಾಜು ಅವರ ಮೀಸೆ ಮತ್ತೆ ಅರಳಿತು. "ಇಷ್ಟೆಲ್ಲ ಆದ್ರೂ ನನ್ನ ಒಪ್ಕೊಂಡೆ! ಏನು ನೋಡಿ ಒಪ್ಕೊಂಡೆ ಹೇಳು, ಈಶಪ್ಪನೂ ಕೇಳ್ಲಿ!"

"ಅಷ್ಟು ಹೊತ್ತು ಸುಮ್ನೆ ನಿಂತಿದ್ರಲ್ಲ, ಪಾಪ, ಈ ಮನುಷ್ಯ ಮನೇಲಿ ಜಾಸ್ತಿ ಮಾತಾಡಲ್ಲ ಅನ್ಕೊಂಡೆ" ಎಂದರು ಪದ್ಮಾವತಿ, ಖಾರಾಬೂಂದಿ ತಟ್ಟೆಗೆ ಸುರಿಯುತ್ತಾ. "ಮೋಸ ಹೋಗಿದ್ದು ಅಲ್ಲೇ!"